ದುರಗಮ್ಮ ಹೋದರೆ ಏರುವ ಅಂಕಿ

ನವಲಿಯ ಹುಸೇನಪ್ಪ ಕೊಟ್ಟ ಮಾತಿಗೆ ತಪ್ಪುವವನಲ್ಲ, ತಂಬಾಕಿನ ವಿಷಯವೊಂದನ್ನು ಬಿಟ್ಟು. ಹುಲಿಗೆಮ್ಮನ ಮೇಲೆ ಆಣೆ ಮಾಡಿ ಬಿಟ್ಟೆನೆಂದವನು ಹೆಂಡತಿ ದುರಗಮ್ಮನ ಕಣ್ಣು ತಪ್ಪಿಸಿ ಭತ್ತದ ಗದ್ದೆಯ ಬದುವಿನಲ್ಲಿ, ಎಮ್ಮೆಯ ಮರೆಯಲ್ಲಿ ಅಂಗೈಯಲ್ಲಿ ತಂಬಾಕು ತಿಕ್ಕಿಕೊಳ್ಳುತ್ತಲೇ ಇದ್ದ. ಅವಳಿಗೆ ಒಂದು ಒಳ್ಳೆಯ ಮಾತಾಡಲು ಎಂದೂ ತೆರೆಯದ ಬಾಯಿ ತಂಬಾಕಿಗೆ ಮಾತ್ರ ತೆರೆಯುತ್ತಿತ್ತು.

ಎದೆ ಹಿಡಿದಂತಾಗಿ ಕೊಪ್ಪಳದ ಒಂದು ದವಾಖಾನೆ ಸೇರಿದಾಗಲೂ ಪೊಟ್ಟಣ ಕಿಸೆಯಲ್ಲೇ ಇತ್ತು. ಅಲ್ಲಿ ಮಂಚದ ಮೇಲಿನ ಗೋಡೆಗೆ ಒಂದು ರಾಡಾರ್ ಡಬ್ಬಿ. ವೈರ್ ಇಲ್ಲ, ಪಟ್ಟಿಯಿಲ್ಲ, ಮೈ ಮುಟ್ಟದೆ, ಎದೆಯ ಅದುರಾಟವನ್ನು ದೂರದಿಂದಲೇ ಹಿಡಿದು ಬಡಿತದ ಅಂಕಿ ತೋರಿಸುತ್ತದೆ.

ದುರಗಮ್ಮ ಚಹಾ ತರಲು ಹೋದಳೋ ಇಲ್ಲವೋ, ಹುಸೇನಪ್ಪ ಚಾದರದೊಳಗೆ ಎದೆಯ ಮೇಲೇ ಅಂಗೈ ಇಟ್ಟು ಸುಣ್ಣ, ತಂಬಾಕು ತಿಕ್ಕತೊಡಗಿದ. ಅಂಕಿ ನೂರೈವತ್ತು ದಾಟಿ ಡಬ್ಬಿ ಕುಂಯ್‌ಗುಟ್ಟಿತು. ನರ್ಸ್ ದೀಪಿಕಾ ಓಡಿ ಬಂದಳು, ಹಿಂದೆಯೇ ದುರಗಮ್ಮ. ಹೆಂಡತಿಯನ್ನು ಕಂಡದ್ದೇ ಅವನ ಕೈ ನಿಂತಿತು, ಅಂಕಿಯೂ ಇಳಿಯಿತು. ಸಂಜೆಯೊಳಗೆ ಮತ್ತೆರಡು ಸಲ ಹೀಗೇ ಆಯಿತು.

“ಕಾಕಿ ಹೊರಗ ಹೋದ್ರ ಸಾಕು, ಕಾಕಾನ ಎದಿ ತಡೀವಲ್ದು ನೋಡ್ರಿ!” ಎಂದ ಪಕ್ಕದ ಮಂಚದ ಆಟೋ ಡ್ರೈವರ್ ಸಾದಿಕ.

ದುರಗಮ್ಮನ ಮುಖ ಅರಳಿತು. ಸೆರಗು ಬಾಯಿಗೊತ್ತಿಕೊಂಡು, “ಹೌದೇನ್ರಿ? ಬಾಯಿಬಿಟ್ಟು ಒಂದಿನಾನೂ ಹೇಳ್ಲಿಲ್ಲಲ್ರಿ!” ಎಂದವಳು ಮಂಚದ ಪಕ್ಕದಿಂದ ಕದಲಲೇ ಇಲ್ಲ. ತಂಬಾಕಿಲ್ಲದ ಹುಸೇನಪ್ಪನ ಪಾಡು ಕೇಳಬೇಡಿ.

ಮರುದಿನ ಅವಳು ಸ್ನಾನಕ್ಕೆ ಹೋದಾಗ ದೀಪಿಕಾ ಚಾದರ ಎತ್ತಿ ಕಳ್ಳನನ್ನು ಹಿಡಿದೇಬಿಟ್ಟಳು.

“ನಿಮ್ಮ ಕೈ ಆಡೋದನ್ನ ಡಬ್ಬಿ ಎದಿ ಬಡಿತ ಅಂತ ತಿಳಕೊಂಡೈತ್ರಿ! ಕೊಡ್ರಿ ಇಲ್ಲಿ.”

ಪೊಟ್ಟಣ ಕಸದ ಬುಟ್ಟಿ ಸೇರಿತು. “ಆಕೀಗೆ ಹೇಳಬ್ಯಾಡ ನಮ್ಮವ್ವ,” ಎಂದು ಅಂಗಲಾಚಿದ. ದೀಪಿಕಾ ನಕ್ಕು ಒಪ್ಪಿದಳು.

ದುರಗಮ್ಮ ಸ್ನಾನ ಮುಗಿಸಿ ಬಂದವಳು ಬಾಗಿಲಲ್ಲೇ ನಿಂತು ಡಬ್ಬಿ ನೋಡಿದಳು. ಎಪ್ಪತ್ತೆರಡು.

“ಇವತ್ತೇನೂ ಆಗ್ಲಿಲ್ಲೇನ್ರಿ?” ಅವಳ ಧ್ವನಿ ಸಣ್ಣಗಾಗಿತ್ತು.

ಹುಸೇನಪ್ಪನಿಗೆ ಪೊಟ್ಟಣ ಹೋದದ್ದಕ್ಕಿಂತ ಹೆಚ್ಚು ಸಂಕಟವಾಯಿತು.

“ಕಣ್ಣು ಹತ್ತಿತ್ತು, ನೀ ಹೋಗಿದ್ದು ಗೊತ್ತಾಗ್ಲಿಲ್ಲ. ಇನ್ನೊಂದ್ಸಲ ಹೋಗಿ ಬಾ.”

ಅವಳು ಬಾಗಿಲು ದಾಟಿದಳು. ಹುಸೇನಪ್ಪ ಚಾದರದೊಳಗೆ ಬರಿಗೈ ತಿಕ್ಕತೊಡಗಿದ. ಡಬ್ಬಿ ಕೂಗಿತು. ದೀಪಿಕಾ ಕೂತಲ್ಲಿಂದ ಏಳಲಿಲ್ಲ. ದುರಗಮ್ಮ ನಗುತ್ತ ಓಡಿ ಬಂದಳು.