ಗಾಜು ಬೇಡ, ಲೈಟೂ ಬೇಡ

ಅಂಗಡಿಯವರು ತೋರಿಸಿದ ಮೊದಲನೆಯ ಕಂಪ್ಯೂಟರಿಗೆ ಒಂದು ಪಕ್ಕ ಪೂರ್ತಿ ಗಾಜು. ಒಳಗೆ ಕೆಂಪು, ನೀಲಿ, ಹಸಿರು ಬೆಳಕು ಒಂದರ ಹಿಂದೊಂದು ಓಡಾಡುತ್ತಿತ್ತು. ನೋಡಿದ್ದೇ ತಡ ನನ್ನ ಎದೆ ಧಸಕ್ ಅಂತು. ಪಕ್ಕದಲ್ಲಿ ನಿಂತಿದ್ದ ಗಂಡನ ತೋಳು ಹಿಡಿದು ಅವರ ಮುಖವನ್ನು ಬೀದಿಯ ಕಡೆಗೆ ತಿರುಗಿಸಿಬಿಟ್ಟೆ.

“ಇದು ಬೇಡ. ಗಾಜಿಲ್ಲದ್ದು ತೋರಿಸಿ. ಲೈಟೂ ಇರಬಾರ್ದು,” ಅಂದೆ.

“ಗೇಮಿಂಗ್ ಕಂಪ್ಯೂಟರ್ ಬೇಕು ಅಂದ್ರಲ್ಲ ಮೇಡಂ? ಲೈಟ್ ಇಲ್ದೆ ಯಾರ್ ತಗೋತಾರೆ?”

“ನಾವು ತಗೋತೀವಿ.”

ಅವರು ನನ್ನ ಮುಖ ನೋಡಿದರು, ನನ್ನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಅಳತೆ ಟೇಪನ್ನು ನೋಡಿದರು. ನಾನು ಬ್ಲೌಸ್ ಹೊಲಿಯುವವಳು. ರಾಜೀವನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬನ್ನಿಮಂಟಪದ ಈ ಕಂಪ್ಯೂಟರ್ ಅಂಗಡಿಗೆ ಬರುವಾಗ ಟೇಪು ತೆಗೆದಿಡಲು ಮರೆತಿದ್ದೆ ಅಂತ ಯಾರಾದರೂ ಅಂದುಕೊಳ್ಳಲಿ. ಬೇಕೆಂದೇ ತಂದಿದ್ದೆ. ಹೊಲಿಗೆ ಮೆಷಿನ್ನಿಗೂ ದಿವಾನಕ್ಕೂ ನಡುವೆ ಎಷ್ಟು ಜಾಗವಿದೆ ಅಂತ ಅಳೆದುಕೊಂಡು ಬಂದಿದ್ದೆ. ಕಂಪ್ಯೂಟರ್ ಅಲ್ಲೇ ಕೂರಬೇಕು, ನನ್ನ ಪಕ್ಕದಲ್ಲೇ. ಒಳಕೋಣೆಯಲ್ಲಿ ಇಟ್ಟರೆ ಇವರು ಬಿದ್ದದ್ದು ನನಗೆ ತಿಳಿಯುವುದು ಹೇಗೆ?

ನನ್ನ ಗಂಡ ಡ್ರೈವರು. ಡ್ರೈವರ್ ಆಗಿದ್ದರು ಅಂತ ಬರೆಯಬೇಕು, ಕೈ ಬರುವುದಿಲ್ಲ. ಒಂದು ಕಾರ್ಖಾನೆಯ ಸ್ಟಾಫ್ ಬಸ್ ಓಡಿಸುತ್ತಿದ್ದರು. ಒಂದು ಬೆಳಿಗ್ಗೆ ಇಲವಾಲ ದಾಟಿದ ಮೇಲೆ ಸ್ಟೀರಿಂಗ್ ಹಿಡಿದಿದ್ದ ಹಾಗೇ ಅವರಿಗೆ ಫಿಟ್ಸ್ ಬಂತು. ಕುತ್ತಿಗೆ ಒಂದು ಕಡೆ ಎಳೆಯಿತು, ಬಸ್ಸೂ ಅದೇ ಕಡೆ ಹೋಯಿತು. ರಸ್ತೆ ಬಿಟ್ಟು ಗದ್ದೆಗಿಳಿದು ಬದುವಿಗೆ ತಗಲಿ ನಿಂತಿತು. ಒಬ್ಬ ಹೆಂಗಸಿನ ತೋಳು ಮುರಿಯಿತು. ಉಳಿದವರಿಗೆ ತರಚು ಗಾಯ. ಅಷ್ಟಕ್ಕೇ ಹೋಯಿತಲ್ಲ, ದೇವರು ದೊಡ್ಡವನು ಅಂತ ಎಲ್ಲರೂ ಅಂದರು. ಅಷ್ಟರಲ್ಲಿ ಜನ ಸೇರಿ ಇವರ ಮುಷ್ಟಿಯೊಳಗೆ ಕಬ್ಬಿಣ ಇರಲಿ ಅಂತ ಬೀಗದ ಕೈ ಗೊಂಚಲು ತುರುಕಿದ್ದರಂತೆ. ಅಂಗೈಯೆಲ್ಲ ಕುಯ್ದುಹೋಗಿತ್ತು.

ಕೆಲಸ ಹೋಯಿತು. ಲೈಸೆನ್ಸೂ ಹೋಯಿತು. ಮಾತ್ರೆ ಶುರುವಾಯಿತು. ಡಾಕ್ಟರು ಮೊದಲ ದಿನವೇ ಕೇಳಿದರು: “ಬರೋಕೆ ಮುಂಚೆ ಏನಾದ್ರೂ ಗೊತ್ತಾಗುತ್ತಾ? ಕೆಲವರಿಗೆ ಏನೋ ಒಂದು ವಾಸನೆ ಬರುತ್ತೆ, ಕೆಲವರಿಗೆ ಹೊಟ್ಟೆ ತೊಳೆಸುತ್ತೆ. ಗೊತ್ತಾದ್ರೆ ತಕ್ಷಣ ಹೇಳ್ಬೇಕು, ಮಲಗಿಬಿಡ್ಬೇಕು.”

“ಏನೂ ಗೊತ್ತಾಗಲ್ಲ ಸಾರ್,” ಅಂದರು ಇವರು, ನೆಲ ನೋಡಿಕೊಂಡು.

ಸುಳ್ಳು. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟೂ ತಿಳಿಯುವುದಿಲ್ಲವೇ? ಮನೆಯಲ್ಲಿ ಎರಡನೇ ಸಲ ಬಂದಾಗ ನಾನು ಕಣ್ಣಾರೆ ನೋಡಿದ್ದೆ. ಮಾತಾಡುತ್ತಿದ್ದವರು ಸುಮ್ಮನಾದರು, ಮೂಗು ಉಜ್ಜಿಕೊಂಡರು, ನನ್ನ ಕಡೆ ಒಂದು ನೋಟ ನೋಡಿದರು. ಬಾಯಿ ಮಾತ್ರ ಬಿಡಲಿಲ್ಲ. ಆಮೇಲೆ ಅಡುಗೆಮನೆಯ ಕಟ್ಟೆಗೆ ಹಣೆ ಬಡಿದು ಬಿದ್ದರು. ಹೊಲಿಗೆ ಹಾಕಿಸಬೇಕಾಯಿತು. ಒಂದೇ ಒಂದು ಮಾತು, ‘ಬರ್ತಾ ಇದೆ ಕಣೆ’ ಅಂದಿದ್ದರೆ ಚಾಪೆ ಹಾಸುತ್ತಿದ್ದೆ, ತಲೆ ಹಿಡಿಯುತ್ತಿದ್ದೆ. ಕೇಳಿದರೆ, “ಗೊತ್ತಾಗಲ್ಲ ಅಂದ್ನಲ್ಲ, ತಲೆ ತಿನ್ಬೇಡ,” ಅಂತ ರೇಗುತ್ತಿದ್ದರು. ಅಲ್ಲಿಂದ ನನ್ನ ಬಾಳು ಬರೀ ಕಿವಿಯಲ್ಲೇ ನಡೆಯಿತು. ಮೆಷಿನ್ ತುಳಿಯುತ್ತ ತುಳಿಯುತ್ತ ನಿಲ್ಲಿಸುವುದು, ಒಳಗಿನಿಂದ ಸದ್ದು ಬರುತ್ತದೆಯಾ ಕೇಳುವುದು, ಮತ್ತೆ ತುಳಿಯುವುದು. ಯಾರ ಮನೆಯಲ್ಲಾದರೂ ಸ್ಟೀಲ್ ಲೋಟ ಬಿದ್ದರೆ ಸಾಕು, ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ.

ಇಂಥ ಮನುಷ್ಯನಿಗೆ ಗೇಮಿಂಗ್ ಕಂಪ್ಯೂಟರ್ ಯಾಕೆ ಅಂತ ನನ್ನ ತಂಗಿಯೇ ಬೈದಳು. ನಾನು ನೋಡಿದ್ದನ್ನು ಅವಳು ನೋಡಿರಲಿಲ್ಲ. ಇವರು ದಿನವಿಡೀ ದಿವಾನದ ಮೇಲೆ ಕೂತು ಮೊಬೈಲಿನಲ್ಲಿ ಯಾರೋ ಆಟದ ಬಸ್ ಓಡಿಸುವ ವಿಡಿಯೋ ನೋಡುತ್ತಿದ್ದರು. ಘಾಟಿ, ತಿರುವು, ಎದುರಿಗೆ ಲಾರಿ. ಆ ಹೊತ್ತಿಗೆ ಇವರ ಬಲಗಾಲು ನೆಲವನ್ನು ಒತ್ತುತ್ತಿತ್ತು. ಬ್ರೇಕು. ಇಲ್ಲದ ಬ್ರೇಕನ್ನು ಒತ್ತುವ ಆ ಕಾಲು ನೋಡಿ ಮೆಷಿನ್ ತುಳಿಯುವ ನನ್ನ ಕಾಲು ನಿಂತುಹೋಗುತ್ತಿತ್ತು. ಒಂದು ದಿನ ತಲೆ ಎತ್ತದೆ, “ನಂಗೂ ಇಂಥದ್ದೊಂದು ಇದ್ದಿದ್ರೆ,” ಅಂದರು. ಅಪಘಾತ ಆದ ಮೇಲೆ ಅವರು ಬೇಕು ಅಂತ ಬಾಯಿಬಿಟ್ಟ ಮೊದಲನೆಯ ವಸ್ತು ಅದು.

ಡಾಕ್ಟರನ್ನು ಕೇಳಿದೆ. ಮಿಣುಕು ದೀಪ ಕಣ್ಣಿಗೆ ಹಿಡಿದು ಪರೀಕ್ಷೆ ಮಾಡಿಸಿದರು, ತೊಂದರೆಯಿಲ್ಲ ಅಂದರು. ಮಾತ್ರೆ ತಪ್ಪಿಸಬಾರದು, ನಿದ್ದೆ ಕೆಡಬಾರದು, ನಡುನಡುವೆ ಎದ್ದೇಳಬೇಕು, ಆಡಲಿ ಬಿಡಿ ಅಂದರು. ಅವರಿಗೇನು, ಹೇಳಿಬಿಟ್ಟರು. ನನಗೆ ಕಂಡದ್ದರಲ್ಲೆಲ್ಲ ಫಿಟ್ಸೇ ಕಾಣುತ್ತಿತ್ತು. ಕಾಮಾಲೆ ಕಣ್ಣಿನವರಿಗೆ ಲೋಕವೆಲ್ಲ ಹಳದಿಯಂತೆ. ಬಿಡುವಾದಾಗಲೆಲ್ಲ ಕಂಪ್ಯೂಟರ್ ಜೋಡಿಸುವ ವಿಡಿಯೋ ನೋಡಿದೆ. ಉಳಿದವರು ವೇಗ ನೋಡಿದರೆ ನಾನು ಚೂಪು ಮೂಲೆ ನೋಡುತ್ತಿದ್ದೆ.

ಹಾಗಾಗಿ ಆ ದಿನ ಅಂಗಡಿಯಲ್ಲಿ ನನ್ನ ಕಾಟ ಸ್ವಲ್ಪ ಜಾಸ್ತಿಯೇ ಆಯಿತು. ಜಾಗ ಉಳಿಯಲಿ ಅಂತ, ಭಾಗಗಳನ್ನೆಲ್ಲ ಕೂರಿಸುವ ತೀರಾ ಪುಟ್ಟ ಮದರ್‌ಬೋರ್ಡ್ ಕೇಳಿದರೆ ಅದಕ್ಕೇ ಬೆಲೆ ಹೆಚ್ಚು ಅಂದರು. ಕೂಸಿನ ಅಂಗಿ ಹೊಲಿಯುವುದಕ್ಕೇ ಕಷ್ಟ ಅಂತ ನನಗೆ ಗೊತ್ತು, ಚೌಕಾಸಿ ಮಾಡಲಿಲ್ಲ. ಅದಕ್ಕಿಂತ ಒಂದು ಸುತ್ತು ದೊಡ್ಡದಕ್ಕೆ ಒಪ್ಪಿದೆ. ಕಂಪ್ಯೂಟರಿನ ನೆನಪಿನ ಪಟ್ಟಿಯಾದ ರ‍್ಯಾಮ್ ಕೇಳಿದರೆ ಮಿನುಗುವ ರ‍್ಯಾಮ್ ತಂದಿಟ್ಟರು.

“ಲೈಟಿರೋದೇ ಸ್ಟಾಕಲ್ಲಿರೋದು. ಆಫ್ ಮಾಡ್ಕೊಬೋದು ಮೇಡಂ.”

“ಕರೆಂಟು ಹೋಗಿ ಬಂದ್ರೆ ಮತ್ತೆ ಹತ್ಕೊಳ್ಳುತ್ತಾ?”

ಅವರು ಅದನ್ನು ಡಬ್ಬಿಗೆ ವಾಪಸ್ ಹಾಕಿ, “ಬೇರೆ ತರಿಸ್ಕೊಡ್ತೀನಿ ಬುಡಿ,” ಅಂದರು.

ಕಷ್ಟ ಬಂದದ್ದು ಗ್ರಾಫಿಕ್ಸ್ ಕಾರ್ಡಿನ ವಿಷಯದಲ್ಲಿ. ಆಟದ ಚಿತ್ರವನ್ನು ಎಳೆಯುವುದೇ ಅದು. ಯಾರೋ ಬಳಸಿದ ಕಾರ್ಡೊಂದು ನಮ್ಮ ದುಡ್ಡಿಗೆ ಸಿಗುತ್ತಿತ್ತು. ಹಾಕಿ ತೋರಿಸಿದರು. ಚಿತ್ರವೇನೋ ಹಾಲಿನ ಹಾಗೆ ಹರಿಯಿತು, ಆದರೆ ಫ್ಯಾನುಗಳು ಹಿಟ್ಟಿನ ಗಿರಣಿಯ ಹಾಗೆ ಕೂಗಿಕೊಂಡವು. ಈ ಗಲಾಟೆಯಲ್ಲಿ ಇವರು ಹಲ್ಲು ಕಡಿಯುವುದು, ಉಸಿರು ಕಟ್ಟುವುದು ನನಗೆ ಕೇಳುತ್ತದೆಯೇ? ಕಾರ್ಡ್ ತೆಗೆಸಿದೆ. ಈಗ ನಿಶ್ಶಬ್ದ, ಆದರೆ ಚಿತ್ರ ತಡೆತಡೆದು ಅದುರುತ್ತಿತ್ತು. ಅದುರುವ ಚಿತ್ರ ಇವರ ತಲೆಗೆ ಏನು ಮಾಡುತ್ತದೋ! ಅತ್ತ ದರಿ, ಇತ್ತ ಪುಲಿ. ನಾನು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟೆ. ಮನೆಗೆ ಹೋಗೋಣ, ಇದೆಲ್ಲ ನಮಗಲ್ಲ ಅನ್ನಿಸಿತು.

“ಮೇಡಂ, ತಪ್ಪು ತಿಳ್ಕೊಬೇಡಿ, ನಿಮಗೆ ನಿಜವಾಗ್ಲೂ ಏನ್ ಬೇಕು?” ಅಂದರು ಅಂಗಡಿಯವರು.

“ಮನೇಲಿ ಚಿಕ್ಕ ಮಕ್ಕಳಿದಾರೆ, ಅದಕ್ಕೇ...” ಅಂದೆ. ನಮ್ಮ ಕಾಯಿಲೆ ಕಂಡವರಿಗೆಲ್ಲ ಯಾಕೆ ಹೇಳಬೇಕು?

ಅಲ್ಲಿಯವರೆಗೆ ಬೀದಿ ನೋಡುತ್ತ ನಿಂತಿದ್ದ ನನ್ನ ಗಂಡ ತಿರುಗಿದರು. ಕೋಪದಿಂದ ಮುಖ ಕೆಂಪಾಗಿತ್ತು. “ಯಾವ ಮಕ್ಕಳೂ ಇಲ್ಲ ಕಣ್ರೀ. ನಂಗೆ ಫಿಟ್ಸ್ ಬರ್ತದೆ. ಬಿದ್ರೆ ಗಾಜು ಚುಚ್ಚುತ್ತೆ ಅಂತ ಇವಳಿಗೆ ಭಯ. ಫ್ಯಾನ್ ಕೂಗಿದ್ರೆ ನನ್ನ ಸದ್ದು ಕೇಳಲ್ಲ ಅಂತ ಭಯ. ಇವಳ ಭಯಕ್ಕೆ ಹೊಂದೋ ಕಂಪ್ಯೂಟರ್ ಇದ್ರೆ ಕೊಡಿ, ಇಲ್ಲಾಂದ್ರೆ ನಾವು ಹೊರಡ್ತೀವಿ.”

ನಾನು ನಾಚಿಕೆಯಿಂದ ಸೆರಗು ಬಾಯಿಗೆ ಹಿಡಿದೆ. ಅಂಗಡಿಯವರು ಮಾತ್ರ ಏನೂ ಆಗದವರ ಹಾಗೆ ತಲೆ ಕೆರೆದುಕೊಂಡು, “ಮೊದ್ಲೇ ಹೇಳ್ಬಾರ್ದಾ ಸಾರ್?” ಅಂದರು. ಚಿತ್ರ ಎಳೆಯುವ ಶಕ್ತಿ ತನ್ನೊಳಗೇ ಹೆಚ್ಚಿಗೆ ಇರುವ ಒಂದು ಪ್ರೊಸೆಸರ್ ತೆಗೆದರು. ಅದಕ್ಕೆ ಒಂದರ ಬದಲು ಎರಡು ರ‍್ಯಾಮ್ ಹಾಕಿದರೆ ಚಿತ್ರ ತಡೆಯುವುದಿಲ್ಲ, ಬೇರೆ ಕಾರ್ಡ್ ಬೇಡ, ಫ್ಯಾನೂ ಕೂಗುವುದಿಲ್ಲ ಅಂದರು. ಬೆಟ್ಟ, ಮರ ಎಲ್ಲ ಅಷ್ಟು ಚೆನ್ನಾಗಿ ಕಾಣುವುದಿಲ್ಲವಂತೆ. ರಸ್ತೆ ಕಂಡರೆ ಸಾಕು ಅಂದರು ನನ್ನ ಗಂಡ. ಕಾರ್ಡಿನಲ್ಲಿ ಉಳಿದ ದುಡ್ಡಿಗೆ ಮಿಣುಕದ ಮಾನಿಟರ್ ಬಂತು. ಆಟ ಆಡಲು ಕಂಪ್ಯೂಟರಿಗೆ ಸಿಕ್ಕಿಸುವ ಹಳೆಯ ಸ್ಟೀರಿಂಗ್ ಮತ್ತು ಪೆಡಲ್ ಕೂಡ ಬಂದವು. ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಹಂಚುವ ಪೆಟ್ಟಿಗೆ, ಅಗ್ಗದ್ದು ಹಾಕಿದರೆ ಒಂದೊಂದು ಸಲ ಸುಟ್ಟುಹೋಗುತ್ತದೆ ಅಂತ ಅವರೇ ಬಾಯಿತಪ್ಪಿ ಹೇಳಿಬಿಟ್ಟರು. ಅಷ್ಟು ಸಾಕಾಯಿತು ನನಗೆ. ಇದ್ದುದರಲ್ಲಿ ಒಳ್ಳೆಯದನ್ನೇ ಹಾಕಿಸಿಕೊಂಡೆ, ಆದರೂ ಸುಟ್ಟೇ ಸುಡುತ್ತದೆ ಅಂತ ಹೊಸದೊಂದು ಹೆದರಿಕೆ ಕಟ್ಟಿಕೊಂಡು ಮನೆಗೆ ಬಂದೆ. ಇದನ್ನೆಲ್ಲ ಕೂರಿಸಿದ ಡಬ್ಬ ಮಾತ್ರ ಕಚೇರಿಗಳಲ್ಲಿ ಇಡುವಂಥದ್ದು, ಕಪ್ಪು ತಗಡಿನದು, ನನ್ನ ಟೇಪಿನ ಅಳತೆಗೆ ಸರಿಯಾಗಿ ಕೂತಿತು.

ಮನೆಯಲ್ಲಿ ಬ್ಲೌಸಿಗೆ ಇಡುವ ಸ್ಪಂಜಿನ ಪ್ಯಾಡುಗಳನ್ನು ಕತ್ತರಿಸಿ ಡಬ್ಬದ ನಾಲ್ಕು ಮೂಲೆಗೂ ಮೇಜಿನ ಮೂಲೆಗೂ ಅಂಟಿಸಿದೆ. ಗಾಳಿಯ ತೂತು ಮುಚ್ಚದ ಹಾಗೆ ನೋಡಿಕೊಂಡೆ. ಕುರ್ಚಿಯ ಸುತ್ತ ಹಾಸಿಗೆ ಹರಡಿದೆ.

“ಇದೇನೇ, ಬಸ್ ಓಡಿಸೋ ಜಾಗನೋ ಬಾಣಂತಿ ಕೋಣೆನೋ?” ಅಂದರು.

“ಬಾಯಿ ಮುಚ್ಕೊಂಡು ಕೂತ್ಕೊಳ್ಳಿ.”

ಕೂತರು. ಸ್ಟೀರಿಂಗ್ ಮೇಲೆ ಕೈಯಿಟ್ಟರು, ತಕ್ಷಣ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಅವತ್ತು ಆಟದ ಬಸ್ ಶೆಡ್ಡಿನಿಂದ ಆಚೆಗೇ ಬರಲಿಲ್ಲ. ಅವರಿಗೂ ಭಯ ಇದೆ ಅನ್ನುವುದು ನನಗೆ ಅವತ್ತು ತಿಳಿಯಿತು. ನನ್ನ ಭಯದಲ್ಲೇ ಮುಳುಗಿದ್ದವಳಿಗೆ ಅದು ಹೊಳೆದೇ ಇರಲಿಲ್ಲ. ಆಮೇಲೆ ದಿನಕ್ಕೊಂದಿಷ್ಟು ಓಡಿಸಿದರು. ತಿಂಡಿ ತಿಂದು, ಮಾತ್ರೆ ನುಂಗಿ, ಬಸ್ಸಿನ ಮುಂದಿನ ಗಾಜು ಒರೆಸುವವರ ಹಾಗೆ ಮಾನಿಟರ್ ಒರೆಸಿ ಶುರು ಮಾಡುತ್ತಿದ್ದರು. ಯಾವುದೋ ಊರಿನ ರಸ್ತೆ, ಮಧ್ಯೆ ಸ್ಟಾಪು. ಜನ ಹತ್ತಿದಾಗ ಬಾಗಿಲು ಮುಚ್ಚುವ ಮುಂಚೆ ಹಿಂದೆ ತಿರುಗಿ ನೋಡುತ್ತಿದ್ದರು. ಹಿಂದೆ ನಮ್ಮ ದಿವಾನ, ಅದರ ಮೇಲೆ ಹೊಲಿಯಲು ಬಂದ ಬಟ್ಟೆ. ನಾನು ನಕ್ಕರೆ ಅವರೂ ನಗುತ್ತಿದ್ದರು. ನಗುತ್ತಲೇ ನನ್ನ ಕಣ್ಣು ಅವರ ಕುತ್ತಿಗೆಯ ಮೇಲಿರುತ್ತಿತ್ತು.

ಒಂದು ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕಿ ಒಲೆ ಆರಿಸಿದ್ದೆ. ಮುಂದಿನ ಕೋಣೆಯಲ್ಲಿ ಬಸ್ಸಿನ ಸದ್ದು ಕಡಿಮೆಯಾಯಿತು. ಆಮೇಲೆ ಇವರ ದನಿ.

“ಏನೇ... ಬಾ ಇಲ್ಲಿ. ಸುಟ್ಟ ವಾಸನೆ ಬರ್ತಿದೆ.”

ಎಸ್‌ಎಂಪಿಎಸ್! ನನ್ನ ತಲೆಗೆ ಹೊಳೆದದ್ದು ಅದೊಂದೇ. ಸೌಟು ಎಸೆದು ಓಡಿ ಬಂದು ಡಬ್ಬದ ಹಿಂದೆ ಬಗ್ಗಿದೆ. ಪ್ಲಗ್ ಕೀಳಲು ಕೈ ಹಾಕಿದೆ. ಮೂಗು ಹತ್ತಿರ ಹಿಡಿದರೆ ಬೆಚ್ಚಗಿನ ಗಾಳಿ ಬಿಟ್ಟು ಏನೂ ಇಲ್ಲ. ಹೊಗೆಯಿಲ್ಲ, ವಾಸನೆಯಿಲ್ಲ.

“ಏನೂ ಸುಟ್ಟಿಲ್ವಲ್ರೀ!”

“ಅದಲ್ಲ ಕಣೆ.” ಅವರು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದುಕೊಂಡಿದ್ದರು. ಮೂಗು ಉಜ್ಜಿಕೊಂಡರು. “ನಂಗೆ ಮಾತ್ರ ಬರೋ ವಾಸನೆ. ಬರ್ತಾ ಇದೆ ಕಣೆ. ಅವತ್ತೂ ಬಂದಿತ್ತು. ಇಲವಾಲದ ಹತ್ರಾನೇ ಬಂದಿತ್ತು. ಏನೋ ಸರಿಯಿಲ್ಲ ಅಂತ ಗೊತ್ತಾದ್ರೂ, ಇನ್ನೇನು ಫ್ಯಾಕ್ಟರಿ ಬಂತಲ್ಲ ಅಂತ ಓಡಿಸ್ಬುಟ್ಟೆ.”

ಅಷ್ಟು ಹೇಳುವಷ್ಟು ಹೊತ್ತು ಸಿಕ್ಕಿತು. ಪ್ಲಗ್ ಬಿಟ್ಟು ಅವರನ್ನು ಕಂಕುಳಿಗೆ ಕೈಹಾಕಿ ಇಳಿಸಿದೆ, ಹಾಸಿಗೆಯ ಮೇಲೆ ಒಂದು ಮಗ್ಗುಲಿಗೆ ಮಲಗಿಸಿದೆ. ತಲೆ ನನ್ನ ಕೈಯಲ್ಲಿದ್ದಾಗಲೇ ಬಂತು. ಎಷ್ಟು ಸಲ ನೋಡಿದರೂ ಅದು ಹಳತಾಗುವುದಿಲ್ಲ. ಆ ಮುಖ ನನ್ನ ಗಂಡನ ಮುಖವಲ್ಲ. ಇನ್ನು ನಿಲ್ಲುವುದೇ ಇಲ್ಲವೇನೋ ಅಂತ ನಾನು ಪ್ರತಿ ಸಲ ಸಾಯುತ್ತೇನೆ. ಗಡಿಯಾರ ನೋಡಬೇಕು, ಬಾಯಿಗೆ ಏನೂ ಹಾಕಬಾರದು ಅಂತ ಡಾಕ್ಟರು ಹೇಳಿದ್ದನ್ನು ದೇವರ ಹೆಸರಿನ ಹಾಗೆ ಹೇಳಿಕೊಳ್ಳುತ್ತ ಕೂತೆ. ನಿಂತಿತು. ಗೊರಕೆಯಂಥ ಉಸಿರು ಬಂತು. ಈ ಸಲ ಎಲ್ಲಿಯೂ ರಕ್ತವಿಲ್ಲ, ಒಂದು ಗೀರೂ ಇಲ್ಲ.

ತುಂಬಾ ಹೊತ್ತಿನ ಮೇಲೆ ಕಣ್ಣು ತೆರೆದರು. ನಾನು ಯಾರು, ಇದು ಯಾವ ಊರು ಅನ್ನುವ ಹಾಗೆ ಸೂರು ನೋಡಿದರು. ನಾಲಿಗೆ ಇನ್ನೂ ತೊದಲುತ್ತಿತ್ತು.

“ಬಸ್ಸು?”

ನಾನು ತಲೆಯೆತ್ತಿ ಮಾನಿಟರ್ ನೋಡಿದೆ. ಬಸ್ಸು ರಸ್ತೆಯ ಎಡಕ್ಕೆ, ಒಂದು ಮರದ ಕೆಳಗೆ ನೆಟ್ಟಗೆ ನಿಂತಿತ್ತು.

“ಸೈಡಿಗೆ ಹಾಕಿ ನಿಲ್ಸಿದೀರ ಕಣ್ರೀ.”

“ಜನ?”

“ಎಲ್ಲಾರೂ ಚೆನ್ನಾಗಿದಾರೆ. ಯಾರಿಗೂ ಏನೂ ಆಗಿಲ್ಲ.”

ಅವರು ನನ್ನ ಕೈಯನ್ನು ಎಳೆದು ಮುಖಕ್ಕೆ ಒತ್ತಿಕೊಂಡು ಅತ್ತರು. ಅಪಘಾತ ಆದಾಗಿನಿಂದ ಅವರು ಅತ್ತದ್ದನ್ನು ನಾನು ನೋಡಿರಲಿಲ್ಲ.