ಉಣ್ಣದೆ ಕುಳಿತ ಆನಾ

"ಮುದ್ದೆ ಆರ್ತೈತೆ, ಉಣ್ಣೇ ತಾಯಿ," ಎಂದು ನಮ್ಮವ್ವ ಮೂರನೇ ಸಲ ಹೇಳಿದಳು. ಆನಾ ತಟ್ಟೆ ಮುಟ್ಟಲಿಲ್ಲ.

"'ನಾಳೆ ಕಣ್ಣಿನ ಆಸ್ಪತ್ರೆಗೆ ಬರ್ತೀನಿ' ಅಂತ ನೀನು ಹೇಳವ್ವ. ಆಮೇಲೆ ಉಣ್ತೀನಿ," ಎಂದಳು.

ಡೆನ್ಮಾರ್ಕಿನಿಂದ ಬಂದು ರಾಂಪುರದ ಶಾಲೆಯಲ್ಲಿ ಸಂಬಳವಿಲ್ಲದೆ ಪಾಠ ಹೇಳುತ್ತಿದ್ದ ಹುಡುಗಿ ಅವಳು. ನಾಲ್ಕು ತಿಂಗಳಿಂದ ನಮ್ಮ ಮನೆಯಲ್ಲೇ ವಾಸ, ಕನ್ನಡ ಕಲಿತದ್ದೂ ಅವ್ವನ ಬಾಯಿಂದಲೇ.

ಅವ್ವನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಅಂತ ಕಣ್ಣಿಗೆ ಕತ್ತರಿ ಹಾಕಿಸಿಕೊಂಡರೆ ಇರುವ ಮಬ್ಬು ಬೆಳಕೂ ಹೋದೀತೆಂಬ ಭಯ ಅವಳಿಗೆ. ಶೇಂಗಾ ವ್ಯಾಪಾರದಲ್ಲಿ ಎಂಥವರನ್ನೂ ಒಪ್ಪಿಸುವ ನಾನು ಎರಡು ವರ್ಷ ಹೇಳಿ, ಬೈದು, ಕೊನೆಗೆ ಅತ್ತೂ ಸೋತಿದ್ದೆ. ಆದರೆ ಮನೆಗೆ ಬಂದವರು ಉಣ್ಣದೆ ಅವ್ವ ಎಂದೂ ತುತ್ತು ಎತ್ತಿದವಳಲ್ಲ. ಹುಟ್ಟಿದಾಗಿನಿಂದ ಅದನ್ನು ನೋಡಿದ್ದ ನನಗೆ ಹೊಳೆಯದ್ದು ಈ ಹುಡುಗಿಗೆ ಹೊಳೆದಿತ್ತು.

ಒಂದು ಗಂಟೆಯಾದರೂ ಇಬ್ಬರೂ ಹಸಿದೇ ಕುಳಿತಿದ್ದರು. ಕಡೆಗೆ ಅವ್ವನೇ ಸೋತಳು. "ಏನ್ ಹಟಮಾರಿನೇ ನೀನು! ನಿಮ್ಮವ್ವ ನಿನ್ನ ಹೆಂಗ್ ಸಾಕಿದ್ಲೋ! ಬರ್ತೀನಿ, ಉಣ್ಣು."

ಹಿರಿಯರು ಹಟ ಹಿಡಿದರೆ ನನ್ನ ಹಾಗೆ ವಾದಕ್ಕೆ ನಿಲ್ಲಬೇಡಿ. ಅವರು ಯಾವುದನ್ನು ಬಿಟ್ಟುಕೊಡಲಾರರೋ ಅದನ್ನು ಮೊದಲು ತಿಳಿದುಕೊಳ್ಳಿ. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಆನಾಳ ಕೈ ಹಿಡಿದು ಕುಳಿತಿದ್ದ ಅವ್ವ ನನ್ನನ್ನೇ ದಿಟ್ಟಿಸಿ ನೋಡಿ, "ಲೇ, ನಿನ್ ತಲೆ ಯಾವಾಗ ಇಷ್ಟು ಬೆಳ್ಳಗಾತು?" ಎಂದಳು.