ಕುಂಬಳಕಾಯಿಗಳಿಗೆ ಸಂತಾಪ ಹೇಳುತ್ತಿದ್ದ ಎಲ್ವುಡ್

ಆಗಸ್ಟ್ ಕೊನೆಯ ಶನಿವಾರ ನಮ್ಮ ಲೂನನ್‌ಬರ್ಗ್ ಕರಾವಳಿಯ ಕುಂಬಳ ಬೆಳೆಗಾರರೆಲ್ಲ ಒಬ್ಬರ ತೋಟದಿಂದ ಇನ್ನೊಬ್ಬರ ತೋಟಕ್ಕೆ ಸಾಲಾಗಿ ಕಾರು ಓಡಿಸಿಕೊಂಡು ಹೋಗುತ್ತೇವೆ. ಪರಸ್ಪರ ಕಲಿಯುವುದಕ್ಕೆ ಎಂದು ನಮ್ಮ ಬೆಳೆಗಾರರ ಸಂಘದ ಹೇಳಿಕೆ. ನಿಜವಾಗಿ ಹೋಗುವುದು, ಎದುರಾಳಿಯ ಕಾಯಿ ಅಕ್ಟೋಬರಿನ ತೂಕದ ಸ್ಪರ್ಧೆಯ ದಿನದವರೆಗೆ ಬದುಕುತ್ತದೋ ಇಲ್ಲವೋ ಎಂದು ಅಂದಾಜು ಮಾಡುವುದಕ್ಕೆ. ಕ್ರೇನ್ ಇಲ್ಲದೆ ಅಲುಗದ ಕಾಯಿಗಳು ಅವು. ಬೆಳೆದಷ್ಟೂ ಒಡೆಯುವ ಭಯ ಹೆಚ್ಚು.

ಈ ಭೇಟಿಗಳಲ್ಲಿ ಎಲ್ವುಡ್ ಝಿಂಕ್ ಬಾಯಿಂದ ಹೊಗಳಿಕೆ ಬಂದದ್ದನ್ನು ಯಾರೂ ಕೇಳಿಲ್ಲ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಕಾಯಿಯ ಮುಂದೆ ಟೋಪಿ ತೆಗೆದು, ಆಸ್ಪತ್ರೆಗೆ ಬಂದ ದೂರದ ನೆಂಟನಂತೆ ನಿಲ್ಲುತ್ತಿದ್ದ.

"ತೊಟ್ಟಿನ ಹತ್ರ ಸ್ವಲ್ಪ ಮೆತ್ತಗಿದೆ ಅನ್ಸತ್ತೆ. ಹೆದರ್ಕೋಬೇಡ ಮಾರಾಯ. ನನ್ನ ಭ್ರಮೆ ಇದ್ರೂ ಇರಬಹುದು."

ಅಷ್ಟೇ ಸಾಕು. ಆ ಮನೆಯವರು ವಾರವಿಡೀ ತೊಟ್ಟನ್ನು ಒತ್ತಿ ಒತ್ತಿ ನೋಡುತ್ತಿದ್ದರು. ಒಬ್ಬನ ಕಾಯಿಯಂತೂ ಒತ್ತಿದ ಜಾಗದಲ್ಲೇ ಕೊಳೆಯಿತು.

ತನ್ನ ಕಾಯಿಗೆ ಮಾತ್ರ ಎಲ್ವುಡ್ ಮರಳಿನ ಹಾಸಿಗೆ ಹಾಸಿದ್ದ, ಫ್ಯಾನು ಇಟ್ಟಿದ್ದ, ಅತಿಥಿಗಳ ಕೋಣೆಯ ರಜಾಯಿಯನ್ನೇ ಹೊದಿಸಿದ್ದ. "ಮದುವೆಯಾದಾಗಿನಿಂದ ನನಗೊಂದು ದಿನ ಹೊದಿಸಿದವನಲ್ಲ" ಎಂದು ಅವನ ಹೆಂಡತಿ ವರ್ನಾ ಸಿಕ್ಕವರಿಗೆಲ್ಲ ಹೇಳುತ್ತಿದ್ದಳು.

ಆ ವರ್ಷ ಮೊದಲ ಭೇಟಿ ಮರ್ಡೀನಾ ನಿಕಲ್ ತೋಟಕ್ಕೆ. ಮೀನಿನ ಕಾರ್ಖಾನೆಯಲ್ಲಿ ದುಡಿದು ಗಟ್ಟಿಯಾದ ಹೆಂಗಸು. ಅವಳ ಕಾಯಿಯ ಸುತ್ತ ಎಲ್ಲರೂ ಒಂದು ಸುತ್ತು ಹಾಕಿದರು. ಮಲಗಿದ ಹಸುವಿಗಿಂತ ದೊಡ್ಡದಿತ್ತು. ಎಲ್ವುಡ್ ಅದಕ್ಕೆ ಕಿವಿಯಿಟ್ಟು ಕಣ್ಣು ಮುಚ್ಚಿದ.

"ಒಳಗೆ ಗುಳುಗುಳು ಅಂತಿದೆ, ಮರ್ಡೀನಾ."

"ಅದು ನನ್ನ ಹೊಟ್ಟೆ ಕಣಯ್ಯಾ. ಬೆಳಗಿನಿಂದ ನಿಮಗೆಲ್ಲ ಬೇಯಿಸ್ತಾ ಒಂದು ತುತ್ತೂ ತಿಂದಿಲ್ಲ."

ಕೊನೆಯ ಭೇಟಿ ಎಲ್ವುಡ್ ಮನೆಗೆ. ಬಂದವರನ್ನು ತೋಟಕ್ಕೆ ಬಿಡದೆ ಊಟಕ್ಕೆ ಕೂರಿಸಿದ. ಸಾಸೇಜು, ಹುಳಿ ಎಲೆಕೋಸು, ಬ್ಲೂಬೆರಿ ಸಿಹಿ ಎಲ್ಲ ಮುಗಿಯಿತು. ಮತ್ತೆ ಚಹಾ ತಂದ.

"ಕಾಯಿ ತೋರಿಸೋ" ಎಂದೆ ನಾನು.

"ಈಗ ಮಲಗಿದೆ."

"ಮಲಗಿದೆ? ಮಗುವೇನೋ ಅದು?"

ವರ್ನಾಗೆ ಸಾಕಾಗಿತ್ತು. ಎದ್ದು ನಮ್ಮನ್ನೆಲ್ಲ ತೋಟಕ್ಕೆ ಕರೆದೊಯ್ದು ರಜಾಯಿ ಎಳೆದಳು. ನೊಣಗಳು ಗುಂಪಾಗಿ ಎದ್ದವು. ತೊಟ್ಟಿನಿಂದ ಬುಡದವರೆಗೆ ಕಾಯಿ ಸೀಳಿತ್ತು. ಕೈ ತೂರಿಸಬಹುದಾದಷ್ಟು ಅಗಲದ ಬಿರುಕು.

ಅವನಿಗೆ ಹೇಳಬೇಕೆಂದು ವರ್ಷಗಳಿಂದ ಎಷ್ಟೋ ಮಾತು ಕೂಡಿಟ್ಟುಕೊಂಡಿದ್ದೆವು. ಈಗ ಎಲ್ಲರೂ ಟೋಪಿ ತೆಗೆದೆವು. ಮರ್ಡೀನಾ ಮಾತ್ರ ಹತ್ತಿರ ಹೋದಳು.

"ಯಾವಾಗ ಆಯ್ತೋ?"

"ಮಂಗಳವಾರ. ತಿಂಡಿ ತಿಂತಿದ್ದೆ. ಬಂದೂಕು ಹೊಡೆದ ಹಾಗೆ ಸದ್ದು."

"ಮತ್ತೆ ಫ್ಯಾನ್ ಯಾಕೆ ಹಾಕಿದೀಯ?"

"ಸೆಖೆ ಅಲ್ವಾ" ಎಂದ.

ಮರ್ಡೀನಾ ಫ್ಯಾನು ಆರಿಸಿದಳು. "ನಿನ್ನ ಟ್ರಕ್ ಈ ಸಲ ಖಾಲಿ ತಾನೆ? ತೂಕಕ್ಕೆ ನನ್ನ ಕಾಯಿ ನೀನೇ ಸಾಗಿಸು. ನನ್ನ ಮೈದುನನ ಕೈಗೆ ಕೊಟ್ರೆ ಮೊದಲ ತಿರುವಿನಲ್ಲೇ ಸಮುದ್ರಕ್ಕೆ ಹಾಕ್ತಾನೆ."

ಮರುದಿನದಿಂದ ಎಲ್ವುಡ್ ಅವಳ ತೋಟದಲ್ಲೇ ಇದ್ದ. ಯಾರಾದರೂ ಕಾಯಿಯತ್ತ ಬೆರಳು ಚಾಚಿದರೆ ಬಸ್ಸಿನ ಮಕ್ಕಳನ್ನು ಗದರುವಂತೆ ಗದರುತ್ತಿದ್ದ. ತೂಕದ ದಿನ ಅವನು ಟ್ರಕ್ ಓಡಿಸಿದ ನಿಧಾನಕ್ಕೆ ಹಿಂದೆ ಅರ್ಧ ಊರಿನ ಕಾರುಗಳು ಹಾರನ್ ಹೊಡೆಯುತ್ತ ಸಾಲುಗಟ್ಟಿದವು. ಒಂದು ಶವದ ಗಾಡಿಯೂ ಆ ಸಾಲಿನಲ್ಲಿತ್ತು. ಕಾಯಿಗೆ ಎರಡನೇ ಸ್ಥಾನ ಬಂತು. ತಕ್ಕಡಿಯೇ ಸುಳ್ಳು ಎಂದು ಮೂವರು ತೀರ್ಪುಗಾರರ ಜೊತೆ ಜಗಳವಾಡಿದವನು ಎಲ್ವುಡ್, ಮರ್ಡೀನಾ ಅಲ್ಲ.

ಮುಂದಿನ ಭಾನುವಾರ ಸರೋವರದಲ್ಲಿ ಕುಂಬಳಕಾಯಿಯನ್ನೇ ದೋಣಿ ಮಾಡಿ ಹುಟ್ಟು ಹಾಕುವ ಪಂದ್ಯ. ತಿರುಳು ಕೆತ್ತಿ ತೆಗೆದ ಮರ್ಡೀನಾಳ ಕಾಯಿಯೊಳಗೆ ಯಾರು ಕೂರಬೇಕೆಂಬ ಪ್ರಶ್ನೆ ಬಂದಾಗ, ಈಜು ಬಾರದ ಎಲ್ವುಡ್ ಲೈಫ್ ಜಾಕೆಟ್ ತೊಟ್ಟು ತಾನಾಗಿಯೇ ಇಳಿದ. ಹುಟ್ಟು ಹಾಕಿದಷ್ಟೂ ಕಾಯಿ ಇದ್ದಲ್ಲೇ ಸುತ್ತಿತು. ಉಳಿದವರೆಲ್ಲ ದಡ ಸೇರಿ, ಬಹುಮಾನ ಹಂಚಿಕೆ ಮುಗಿದು, ಬ್ಯಾಂಡಿನವರು ವಾದ್ಯ ಕಟ್ಟಿಟ್ಟುಕೊಂಡರೂ ಅವನು ಸರೋವರದ ನಡುವೆ ಗಿರಕಿ ಹೊಡೆಯುತ್ತ, ಕಾಯಿಗೆ ಪೆಟ್ಟಾದೀತು, ಯಾರೂ ಹಗ್ಗ ಎಸೆಯಕೂಡದೆಂದು ಕೂಗುತ್ತಿದ್ದ.